ಹೊಸ ಹೆಡ್‌ಲೈಟ್ ಹಾಕಿಸಿದರೂ ಒಂದು ಕಡೆ ಮಂಕು: ತಪ್ಪು ಬಲ್ಬಿನದಾ?

ಪ್ರಶ್ನೆ: ನನ್ನದು ಹತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಹೆಡ್‌ಲೈಟಿನ ಗಾಜು ಹಳದಿಯಾಗಿತ್ತು. ಕಂಪನಿಯದ್ದು ದುಬಾರಿ ಎಂದು ಹೊರಗಡೆ ಸಿಗುವ ಹೊಸ ಜೋಡಿ ಹಾಕಿಸಿದೆ. ಬಲ್ಬ್ ಮಾಮೂಲಿ 60/55 ವ್ಯಾಟಿನ ಎಚ್4 ಹ್ಯಾಲೋಜನ್. ಅವತ್ತಿನಿಂದ ಎಡಗಡೆ ಲೈಟು ಮಂಕು. ಲೋ ಬೀಮ್‌ನಲ್ಲಿದ್ದರೂ ಹೈ ಬೀಮ್ ತೋರಿಸುವ ಡ್ಯಾಶ್‌ಬೋರ್ಡಿನ ನೀಲಿ ದೀಪ ಸಣ್ಣಗೆ ಉರಿಯುತ್ತದೆ. ಎರಡು ಸಲ ಬಲ್ಬ್ ಬದಲಿಸಿದ್ದಾಯಿತು. ಮುಂದೇನು?

ಉತ್ತರ: ಮೊದಲು, ಮೂರನೇ ಬಲ್ಬ್ ತರಬೇಡಿ. ಆ ನೀಲಿ ದೀಪದ ವಿಷಯ ಬರೆದು ಒಳ್ಳೆಯದು ಮಾಡಿದಿರಿ. ಅರ್ಧ ಉತ್ತರ ಅದರಲ್ಲೇ ಇದೆ. ನಿಮ್ಮ ಎಡಗಡೆ ಲೈಟಿಗೆ ಅರ್ಥ್, ಅಂದರೆ ಕರೆಂಟು ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ, ಸಿಗುತ್ತಿಲ್ಲ ಎಂದು ನನ್ನ ಊಹೆ.

ಯಾಕೆ ಅಂತ ಹೇಳುತ್ತೇನೆ. ಎಚ್4 ಬಲ್ಬಿನಲ್ಲಿ ಎರಡು ಫಿಲಮೆಂಟ್, ಮೂರು ಪಿನ್. ಲೋ ಬೀಮ್‌ಗೆ ಒಂದು ಪಿನ್, ಹೈ ಬೀಮ್‌ಗೆ ಒಂದು, ಇಬ್ಬರಿಗೂ ಸೇರಿ ಇನ್ನೊಂದು. ಹೆಚ್ಚಿನ ಕಾರುಗಳಲ್ಲಿ ಈ ಮೂರನೆಯದೇ ಅರ್ಥ್. ಅದು ಕಡಿದುಹೋದರೆ ಕರೆಂಟು ಸುಮ್ಮನಿರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಎಡಗಡೆಯ ಲೋ ಫಿಲಮೆಂಟಿಗೆ ಬಂದದ್ದು ಅಲ್ಲೇ ಪಕ್ಕದ ಹೈ ಫಿಲಮೆಂಟಿಗೆ ನುಗ್ಗುತ್ತದೆ. ಅಲ್ಲಿಂದ ಹೈ ಬೀಮ್ ವೈರು ಹಿಡಿದು ಹಿಂದಕ್ಕೆ ಹೋಗಿ, ಬಲಗಡೆಯ ಬಲ್ಬಿನ ಹೈ ಫಿಲಮೆಂಟ್ ಮೂಲಕ ಅರ್ಥ್ ಸೇರುತ್ತದೆ. ಹನ್ನೆರಡು ವೋಲ್ಟನ್ನು ಮೂರು ಫಿಲಮೆಂಟ್ ಹಂಚಿಕೊಂಡರೆ ಯಾವುದಕ್ಕೂ ಹೊಟ್ಟೆ ತುಂಬುವುದಿಲ್ಲ. ಎಡಗಡೆ ಕೆಂಡದ ಹಾಗೆ ಮಂಕಾಗಿ ಉರಿಯುತ್ತದೆ. ನೀಲಿ ದೀಪ ಸಿಕ್ಕಿಸಿರುವುದೂ ಅದೇ ಹೈ ಬೀಮ್ ವೈರಿಗೆ. ಹಾಗಾಗಿ ಅದಕ್ಕೂ ಒಂದು ಚೂರು ಪಾಲು.

ಇದನ್ನು ಖಚಿತ ಮಾಡಿಕೊಳ್ಳಲು ಪೈಸೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ರಾತ್ರಿ ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ. ಲೋ ಬೀಮ್ ಹಾಕಿ, ಎದುರಿನವರಿಗೆ ಫ್ಲ್ಯಾಶ್ ಕೊಡುವ ಹಾಗೆ ಲಿವರನ್ನು ಎಳೆದು ಹಿಡಿಯಿರಿ. ಹಾಗೆ ಎಳೆದಾಗ ಎರಡೂ ಫಿಲಮೆಂಟ್ ಒಟ್ಟಿಗೆ ಉರಿಯುವ ಕಾರಾದರೆ, ಅರ್ಥ್ ಪೂರಾ ಕಡಿದಿರುವ ಎಡಗಡೆ ಲೈಟು ಜಾಸ್ತಿಯಾಗುವ ಬದಲು ಪೂರ್ತಿ ಆರಿಹೋಗುತ್ತದೆ. ಎರಡು ಪಿನ್‌ಗೂ ಒಂದೇ ವೋಲ್ಟೇಜ್ ಬಂದಾಗ ಕರೆಂಟು ಹರಿಯಲು ಜಾಗವೇ ಇಲ್ಲ ನೋಡಿ. ಮೊದಲ ಸಲ ಇದನ್ನು ಕಂಡಾಗ ನನಗೆ ದೆವ್ವ ಹೊಕ್ಕ ಹಾಗೆ ಅನಿಸಿತ್ತು.

ಇನ್ನು ಮೀಟರ್ ಕೆಲಸ. ಸಾಧಾರಣ ಮಲ್ಟಿಮೀಟರ್ ಸಾಕು, ಡಿಸಿ 20 ವೋಲ್ಟಿಗೆ ಇಡಿ. ಆದರೆ ನಿಮ್ಮ ಕಾರು ಯಾವ ಜಾತಿಯದು ಎಂದು ಮೊದಲು ತಿಳಿಯಬೇಕು. ಜಪಾನಿ ಮೂಲದ ಕೆಲವು ಕಾರುಗಳಲ್ಲಿ ಎಲ್ಲ ಉಲ್ಟಾ: ಜಂಟಿ ಪಿನ್‌ಗೆ ಪ್ಲಸ್ ಬಂದಿರುತ್ತದೆ, ಸ್ವಿಚ್ಚು ಅರ್ಥನ್ನು ಆನ್ ಆಫ್ ಮಾಡುತ್ತದೆ. ಎರಡೂ ಕಡೆಯ ಬಲ್ಬಿನ ಹೋಲ್ಡರ್ ಬಿಚ್ಚಿ ಲೈಟ್ ಆನ್ ಮಾಡಿ. ಮೀಟರಿನ ಕಪ್ಪು ತುದಿ ಬ್ಯಾಟರಿಯ ಮೈನಸ್‌ಗೆ, ಕೆಂಪು ತುದಿ ಎಡಗಡೆ ಹೋಲ್ಡರಿನ ಒಂದೊಂದೇ ಪಿನ್‌ಗೆ. ಲೋ, ಹೈ ಬದಲಿಸಿದಾಗ 12 ವೋಲ್ಟು ಒಂದು ಪಿನ್‌ನಿಂದ ಇನ್ನೊಂದಕ್ಕೆ ಹಾರಿದರೆ ನಿಮ್ಮದು ಮಾಮೂಲಿ ಜಾತಿ. ಲೋ, ಹೈ ಏನು ಮಾಡಿದರೂ ಒಂದು ಪಿನ್‌ನಲ್ಲಿ 12 ಕೂತೇ ಇದ್ದರೆ ಉಲ್ಟಾ ಜಾತಿ. ಅಂಥ ಪಿನ್ ಎಡಗಡೆ ಸಿಗದೆ ಬಲಗಡೆ ಹೋಲ್ಡರಿನಲ್ಲಿ ಮಾತ್ರ ಸಿಕ್ಕರೆ, ಅದೂ ಉಲ್ಟಾ ಜಾತಿಯೇ, ಎಡಗಡೆಯ ಫ್ಯೂಸ್ ಹೋಗಿರಬೇಕು. ಈ ಜಾತಿಯಲ್ಲಿ ಒಂದು ಕಡೆಯ ಫ್ಯೂಸ್ ಹೋದರೂ ನೀವು ಹೇಳಿದ ಲಕ್ಷಣಗಳೇ ಕಾಣುತ್ತವೆ. ಅದೃಷ್ಟವಿದ್ದರೆ ಐದು ನಿಮಿಷದ ಕೆಲಸ.

ಮಾಮೂಲಿ ಜಾತಿ ಎಂದಾದರೆ ಎರಡೂ ಹೋಲ್ಡರ್ ಮತ್ತೆ ಸಿಕ್ಕಿಸಿ, ಲೈಟ್ ಉರಿಯುತ್ತಿರುವಾಗಲೇ ಅಳೆಯಿರಿ. ಇದು ಮುಖ್ಯ. ಬಲ್ಬ್ ಬಿಚ್ಚಿ, ಹೋಲ್ಡರಿನಲ್ಲಿ 12 ನೋಡಿ, "ವೈರಿಂಗ್ ಸರಿ ಇದೆ ಸಾರ್, ಬಲ್ಬೇ ಡೂಪ್ಲಿಕೇಟು" ಎನ್ನುವುದು ಅಂಗಡಿಗಳಲ್ಲಿ ದಿನಾ ನಡೆಯುವ ತಪ್ಪು. ಓವರ್‌ಹೆಡ್ ಟ್ಯಾಂಕಿನ ಪೈಪಿನಲ್ಲಿ ಕಸ ಸಿಕ್ಕಿದ್ದರೂ ನಲ್ಲಿ ಮುಚ್ಚಿರುವ ತನಕ ಒತ್ತಡ ಪೂರಾ ಇರುತ್ತದೆ. ತೆರೆದಾಗಲೇ ಬಣ್ಣ ಬಯಲು. ಇಲ್ಲೂ ಹಾಗೇ. ಹೋಲ್ಡರಿನ ಹಿಂಬದಿಯಿಂದ ಮೀಟರಿನ ಮೊನೆಯನ್ನು ಅರ್ಥ್ ಪಿನ್‌ಗೆ ಮುಟ್ಟಿಸಿ, ಇನ್ನೊಂದು ತುದಿ ಬ್ಯಾಟರಿಯ ಮೈನಸ್‌ಗೆ ಇಡಿ. 0.2 ವೋಲ್ಟಿನ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ಒಂದು, ಎರಡು, ನಾಲ್ಕು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ.

ಅರ್ಥ್ ಸರಿ ಇದ್ದರೆ ಪ್ಲಸ್ ಕಡೆಯನ್ನೂ ಹೀಗೇ ನೋಡಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14ರ ಆಸುಪಾಸು ಇರುತ್ತದೆ. ಬಲ್ಬಿನ ಹತ್ತಿರ ಅರ್ಧ ವೋಲ್ಟಿಗಿಂತ ಜಾಸ್ತಿ ಕಡಿಮೆಯಾದರೆ ದಾರಿಯಲ್ಲಿ ಎಲ್ಲೋ ಸೋರುತ್ತಿದೆ. ಇದನ್ನು ಸಣ್ಣದೆಂದು ಬಿಡಬೇಡಿ. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಮಳೆಗಾಲದ ರಾತ್ರಿ ಚಾರ್ಮಾಡಿ ಘಾಟಿ ಇಳಿಯುವವರಿಗೆ ಅದರ ಬೆಲೆ ಗೊತ್ತು.

ಹೊಸ ಹೆಡ್‌ಲೈಟ್ ಹಾಕಿದ ಮೇಲೇ ಯಾಕೆ ಶುರುವಾಯಿತು? ಹೊರಗಿನ ಸೆಟ್ಟಿನ ಕಪ್ಲರ್ (ವೈರು ಸಿಕ್ಕಿಸುವ ಪ್ಲಗ್) ನಿಮ್ಮ ಕಾರಿನದಕ್ಕೆ ಕೂರದೆ, ಅಂಗಡಿಯವರು ವೈರು ಕತ್ತರಿಸಿ ಕೈಯಲ್ಲೇ ತಿರುಚಿ ಟೇಪು ಸುತ್ತಿರಬಹುದು. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗುತ್ತದೆ, ಮಳೆನೀರು ಒಳಗೆ ಹೋಗಿ ತಾಮ್ರ ಹಸಿರಾಗುತ್ತದೆ. ಅರ್ಥ್ ವೈರನ್ನು ಪೇಂಟಿನ ಮೇಲೇ ಸ್ಕ್ರೂ ಹಾಕಿ ಬಿಗಿದಿರುವುದೂ ಸಾಮಾನ್ಯ. ಪೇಂಟಿನಲ್ಲಿ ಕರೆಂಟು ಹರಿಯುವುದಿಲ್ಲ. ಆ ಜಾಗವನ್ನು ಎಮೆರಿ ಕಾಗದದಿಂದ ಕಬ್ಬಿಣ ಕಾಣುವ ತನಕ ಉಜ್ಜಿ, ವೈರಿನ ತುದಿಗೆ ಉಂಗುರದ ಲಗ್ ಒತ್ತಿ, ಬೋಲ್ಟು ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ತಿರುಚಿದ ಜಾಯಿಂಟನ್ನು ಬಿಚ್ಚಿ, ಲೋಹದ ಕೊಳವೆಯಲ್ಲಿ ಒತ್ತಿ ಕ್ರಿಂಪ್ ಮಾಡಿಸಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ಕಳಚುವುದು ಮರೆಯಬೇಡಿ.

ಇಷ್ಟರಲ್ಲಿ ಯಾರಾದರೂ "ಎಲ್‌ಇಡಿ ಹಾಕಿಬಿಡಿ, ಎಲ್ಲ ಸರಿಹೋಗುತ್ತೆ" ಎಂದಿರುತ್ತಾರೆ, ಅಲ್ವಾ? ಅರ್ಥ್ ಕೆಟ್ಟಿರುವ ಕಡೆ ಎಲ್‌ಇಡಿ ಹಾಕಿದರೆ ಮಂಕಾಗುವ ಬದಲು ಪಟಪಟ ಮಿಟುಕುತ್ತದೆ, ಇಲ್ಲವೇ ಉರಿಯುವುದೇ ಇಲ್ಲ. ಉಲ್ಟಾ ಜಾತಿಯ ಕಾರಿನಲ್ಲಿ ಪ್ಲಸ್ ಮೈನಸ್ ಎರಡಕ್ಕೂ ಒಗ್ಗುವ ಕಿಟ್ ಅಲ್ಲದಿದ್ದರೆ ಅರ್ಥ್ ಸರಿ ಇದ್ದರೂ ಅದೇ ಕತೆ. ಹೊಸ ಕಾರುಗಳಲ್ಲಿ ಇನ್ನೊಂದು ತೊಂದರೆ. ಕಂಪ್ಯೂಟರು ಬಲ್ಬ್ ಎಷ್ಟು ಕರೆಂಟು ಎಳೆಯುತ್ತಿದೆ ಎಂದು ನೋಡುತ್ತಿರುತ್ತದೆ. ಎಲ್‌ಇಡಿ ಕಡಿಮೆ ಎಳೆಯುವುದರಿಂದ ಬಲ್ಬ್ ಹೋಗಿದೆ ಎಂದು ಎಚ್ಚರಿಕೆ ತೋರಿಸುತ್ತದೆ. ಅದಕ್ಕೆ, ಮಾಮೂಲಿ ಬಲ್ಬೇ ಇದೆ ಎಂದು ಕಂಪ್ಯೂಟರನ್ನು ನಂಬಿಸುವ ಡಿಕೋಡರ್ ಬೇಕು. ಲೈಟ್ ಹಾಕಿದ ತಕ್ಷಣ ಎಫ್‌ಎಂನಲ್ಲಿ ಗರಗರ ಬಂದರೆ ಅಗ್ಗದ ಎಲ್‌ಇಡಿ ಡ್ರೈವರಿನದೇ ಕೆಲಸ.

ಇನ್ನು, ಹ್ಯಾಲೋಜನ್‌ಗೆಂದು ಮಾಡಿದ ಹೆಡ್‌ಲೈಟಿನಲ್ಲಿ ಎಲ್‌ಇಡಿ ಬೆಳಕು ಅಡ್ಡಾದಿಡ್ಡಿ ಚೆಲ್ಲಿ ಎದುರಿನವರ ಕಣ್ಣಿಗೆ ಹೊಡೆಯುವುದೇ ಜಾಸ್ತಿ. ಕಣ್ಣು ಕುಕ್ಕುವ ಲೈಟುಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈನಿಂದ ವಿಶೇಷವಾಗಿ ಕೇಸು ಹಾಕಲು ಶುರು ಮಾಡಿದ್ದು ನೆನಪಿರಬಹುದು.

100/90 ವ್ಯಾಟಿನ ಬಲ್ಬೂ ಬೇಡ. ಎರಡು ಲೋ ಬೀಮ್ ಸೇರಿ 55 ವ್ಯಾಟಿನಲ್ಲಿ ಸುಮಾರು 9 ಆಂಪಿಯರ್ ಎಳೆದರೆ, 90ರಲ್ಲಿ 15. ರಿಲೇ ಕಿಟ್ (ಸ್ವಿಚ್ಚಿನ ಮೂಲಕ ಬಿಡದೆ ಬ್ಯಾಟರಿಯಿಂದಲೇ ದಪ್ಪ ವೈರಿನಲ್ಲಿ ಕರೆಂಟು ಕೊಡುವ ಜೋಡಣೆ) ಇಲ್ಲದೆ ಹಾಕಿದರೆ ಮೊದಲು ಹೋಲ್ಡರಿನ ಪ್ಲಾಸ್ಟಿಕ್ ಕರಗುತ್ತದೆ, ಆಮೇಲೆ ಸ್ವಿಚ್ಚು. ಫ್ಯೂಸ್ ಪದೇಪದೇ ಹೋಗುತ್ತದೆಂದು ದೊಡ್ಡ ಫ್ಯೂಸ್ ಹಾಕಿದರೆ ಉರಿಯುವುದು ಫ್ಯೂಸ್ ಅಲ್ಲ, ವೈರು.

ಎಲ್ಲ ಮುಗಿದ ಮೇಲೆ ಅದೇ ಗೋಡೆಯ ಎದುರು ಮತ್ತೊಮ್ಮೆ ನಿಲ್ಲಿಸಿ ನೋಡಿ. ಲೋ ಬೀಮ್‌ನಲ್ಲಿ ನೀಲಿ ದೀಪ ಪೂರ್ತಿ ಆರಿರಬೇಕು. ನೀವು ತೆಗೆದಿಟ್ಟ ಆ ಎರಡು ಹಳೆಯ ಬಲ್ಬುಗಳನ್ನು ಎಸೆದಿಲ್ಲ ತಾನೇ? ಬಹುಶಃ ಎರಡೂ ಚೆನ್ನಾಗಿಯೇ ಇವೆ. ಗಾಜಿಗೆ ಬೆರಳು ತಾಗಿಸದೆ ಬಟ್ಟೆಯಲ್ಲಿ ಹಿಡಿದು ಡಬ್ಬಿಗೆ ಹಾಕಿ, ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಟ್ಟುಕೊಳ್ಳಿ.