ಹೆಂಡತಿ ಮಗಳನ್ನು ಬಿಟ್ಟು ಬಿಷಪ್ ಆದರಾ?

ಪ್ರಶ್ನೆ: ಆರ್ಮೇನಿಯನ್ ಚರ್ಚಿನ ಖ್ರಿಮಿಯಾನ್ ಹೈರಿಕ್ ಅವರಿಗೆ ಮದುವೆಯಾಗಿ ಮಗಳೂ ಇದ್ದಳಂತೆ. ಸಂಸಾರಸ್ಥರು ಅಲ್ಲಿ ಬಿಷಪ್ ಆಗಬಹುದಾ?

ಆಗುವ ಹಾಗಿಲ್ಲ. ಖ್ರಿಮಿಯಾನ್ ಬಿಷಪ್ ಆಗುವ ಹೊತ್ತಿಗೆ ಅವರಿಗೆ ಸಂಸಾರ ಉಳಿದಿರಲಿಲ್ಲ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ. "ಅಂದ್ರೆ ಬುದ್ಧನ ಹಾಗೆ ಹೆಂಡತಿ ಮಗುವನ್ನು ಬಿಟ್ಟು ಹೊರಟುಬಿಟ್ಟರು ಅನ್ನಿ" ಅಂತ ಶುರು ಮಾಡುತ್ತಾರೆ. ಇಲ್ಲಪ್ಪಾ, ಇಲ್ಲ. ಎಷ್ಟು ಸಲ ಹೇಳಲಿ?

ಖ್ರಿಮಿಯಾನ್ ಹುಟ್ಟಿದ್ದು 1820ರಲ್ಲಿ, ಆಗ ಒಟ್ಟೊಮನ್ ಸಾಮ್ರಾಜ್ಯದಲ್ಲಿದ್ದ ವಾನ್ ಊರಿನಲ್ಲಿ. ಮದುವೆಯಾದ ಮೇಲೆ ಊರೂರು ಸುತ್ತಿದ್ದು, ಈಗ ಇಸ್ತಾಂಬುಲ್ ಅನ್ನುವ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮೇಷ್ಟ್ರಾಗಿದ್ದು ನಿಜ. ಆದರೆ ದೀಕ್ಷೆಗೆ ಮುಂಚೆಯೇ ಹೆಂಡತಿ, ಮಗಳು ಇಬ್ಬರೂ ತೀರಿಕೊಂಡಿದ್ದರು. 1854ರಲ್ಲಿ ವಾನ್ ಸರೋವರದ ಅಖ್ತಮಾರ್ ದ್ವೀಪದಲ್ಲಿ ಅವರು ವರ್ದಪೇತ್, ಅಂದರೆ ಬ್ರಹ್ಮಚಾರಿ ಪಾದ್ರಿ, ಆದರು. ಬಿಟ್ಟು ಬರಲು ಮನೆಯಲ್ಲಿ ಯಾರಿದ್ದರು ಹೇಳಿ?

ಚರ್ಚಿನ ಕಟ್ಟಳೆ ನೋಡಿದರೂ ಆ ಕಥೆ ನಿಲ್ಲುವುದಿಲ್ಲ. ಆರ್ಮೇನಿಯನ್ ಚರ್ಚಿನಲ್ಲಿ ಪಾದ್ರಿಗಳು ಎರಡು ಥರ. ಊರಿನ ಪಾದ್ರಿ ಸಾಮಾನ್ಯವಾಗಿ ಸಂಸಾರಸ್ಥ. ಆದರೆ ಮದುವೆ ದೀಕ್ಷೆಗೆ ಮುಂಚೆಯೇ ಆಗಿರಬೇಕು, ಆಮೇಲೆ ಅಲ್ಲ. ಇನ್ನೊಂದು ಥರದವರು ವರ್ದಪೇತ್‌ಗಳು. ಬಿಷಪ್ ಆಗುವುದು ಇವರಲ್ಲೇ ಒಬ್ಬರು. ಹೆಂಡತಿ ಸತ್ತವರು ಈ ದಾರಿ ಹಿಡಿಯಬಹುದು. ಮನೆಬಿಟ್ಟು ಓಡಿಬಂದ ಗಂಡನಿಗೆ ಇಲ್ಲಿ ಜಾಗವಿಲ್ಲ.

ಇನ್ನೂ ಒಂದು ಮಾತು. ಲೋಕವೇ ಬೇಡ ಅಂತ ಗುಹೆ ಸೇರಿದ ಆಸಾಮಿ ಇವರಲ್ಲ. ವಾನ್ ಹತ್ತಿರದ ವರಗ್ ಮಠಕ್ಕೆ ಅಚ್ಚಿನ ಯಂತ್ರ ತಂದರು, ಶಾಲೆ ತೆರೆದರು, ಪತ್ರಿಕೆ ಹೊರಡಿಸಿದರು. ಆಮೇಲೆ ಸಂಸಾರ ಜೀವನದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು!

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 1868ರಲ್ಲಿ ಬಿಷಪ್. 1869ರಿಂದ 1873ರವರೆಗೆ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್, ಅಂದರೆ ಒಟ್ಟೊಮನ್ ಸಾಮ್ರಾಜ್ಯದ ಆರ್ಮೇನಿಯನ್ನರ ಧರ್ಮಗುರು. 1892ರಲ್ಲಿ ಇಡೀ ಚರ್ಚಿನ ಮುಖ್ಯಸ್ಥ ಕ್ಯಾಥೊಲಿಕೋಸ್ ಆಗಿ ಆಯ್ಕೆಯಾದರು. ಚರ್ಚಿನ ಕೇಂದ್ರವಾದ, ಆಗ ರಷ್ಯದ ಆಳ್ವಿಕೆಯಲ್ಲಿದ್ದ ಎಚ್ಮಿಯಾಡ್ಜಿನ್‌ನಲ್ಲಿ ಪೀಠವೇರಿದ್ದು ಮರುವರ್ಷ.

ಯಾರೂ ಕೇಳದಿದ್ದರೂ ಇದೊಂದು ಹೇಳಬೇಕು. ರಷ್ಯ-ತುರ್ಕಿ ಯುದ್ಧ ಮುಗಿದ ಮೇಲೆ ಯುರೋಪಿನ ದೊಡ್ಡ ದೇಶಗಳು ಸೇರಿದ 1878ರ ಬರ್ಲಿನ್ ಸಮ್ಮೇಳನಕ್ಕೆ ಇವರು ಪೇಟ್ರಿಯಾರ್ಕ್ ಆಗಿ ಹೋಗಿರಲಿಲ್ಲ. ಆಗ ಆ ಸ್ಥಾನದಲ್ಲಿದ್ದವರು ನೆರ್ಸೆಸ್ ವರ್ಜಪೆತ್ಯಾನ್. ಅವರು ಕಳಿಸಿದ ನಿಯೋಗಕ್ಕೆ ಇವರು ಮುಖಂಡ. ತುರ್ಕಿಯ ಆರ್ಮೇನಿಯನ್ನರ ಪಾಲಿಗೆ ಸಿಕ್ಕಿದ್ದು ಅಲ್ಲಿನ ಒಪ್ಪಂದದ 61ನೇ ಕಲಮು: ಸುಧಾರಣೆ ಮಾಡುತ್ತೇವೆ ಅನ್ನುವ ಒಂದು ಭರವಸೆ, ಅಷ್ಟೇ. ವಾಪಸ್ ಬಂದು ಪ್ರವಚನದಲ್ಲಿ ಹೇಳಿದರು: ಅಲ್ಲಿ ದೊಡ್ಡ ಕಡಾಯಿಯಲ್ಲಿ ಹರೀಸಾ (ಗೋಧಿ, ಮಾಂಸದ ಗಟ್ಟಿ ಗಂಜಿ) ಇತ್ತು. ಬೇರೆಯವರು ಕಬ್ಬಿಣದ ಸೌಟಿನಿಂದ ಬಡಿಸಿಕೊಂಡರು. ನಮ್ಮದು ಕಾಗದದ ಸೌಟು, ಕಡಾಯಿಯಲ್ಲೇ ಕರಗಿಹೋಯಿತು. ಕೈಯಲ್ಲಿದ್ದದ್ದು ಬರೀ ಮನವಿಪತ್ರ ಅಲ್ವಾ? ಬಂದೂಕು ಹಿಡಿಯಿರಿ ಎಂದೇ ಜನ ಇದನ್ನು ಅರ್ಥಮಾಡಿಕೊಂಡರು.

ಆದರೆ ಅವರೇ ಗೆದ್ದ ದೊಡ್ಡ ಜಗಳದಲ್ಲಿ ಅವರ ಕೈಯಲ್ಲಿ ಬಂದೂಕಿರಲಿಲ್ಲ. 1903ರಲ್ಲಿ ರಷ್ಯದ ಸರ್ಕಾರ ಚರ್ಚಿನ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಲು ಹೊರಟಾಗ, ಎಂಬತ್ತು ದಾಟಿದ್ದ ಮುದುಕ ಒಪ್ಪುವುದಿಲ್ಲ ಅಂತ ಕೂತರು. ಬೀದಿಯಲ್ಲಿ ಗಲಾಟೆ, ಗುಂಡು ಎಲ್ಲ ಆಯಿತು. 1905ರಲ್ಲಿ ತ್ಸಾರ್ ಆಜ್ಞೆಯನ್ನು ವಾಪಸ್ ತೆಗೆದುಕೊಂಡ. ಖ್ರಿಮಿಯಾನ್ ತೀರಿಕೊಂಡದ್ದು ಎರಡು ವರ್ಷದ ಮೇಲೆ, 1907ರಲ್ಲಿ.