ಒಂದೇ ಸ್ಲೈಡು, ಎರಡು ಕಾಯಿಲೆ

"ಬಯಾಪ್ಸಿ ಮಾಡಿಸಬೇಡಿ, ಕಬ್ಬಿಣ ಸೋಕಿದರೆ ಗಡ್ಡೆ ಕೆರಳುತ್ತದೆ" ಎನ್ನುವವರು ನಮ್ಮಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಬಾಯಿಯ ಮೂಲಕ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಜಠರದ ಒಳಪದರದಿಂದ ಪರೀಕ್ಷೆಗೆಂದು (ಇದೇ ಬಯಾಪ್ಸಿ) ಎಳ್ಳುಕಾಳಿನಷ್ಟು ಚಿವುಟಿದರೆ ಕ್ಯಾನ್ಸರ್ ಹರಡುವುದಿಲ್ಲ. ಅವರ ಮಾತು ಅಲ್ಲಿಗೆ ಬಿಡೋಣ. ನನಗೆ ಹೆಚ್ಚು ಕಿರಿಕಿರಿಯಾಗುವುದು ಓದಿದವರ ನಂಬಿಕೆಯಿಂದ: ಬಯಾಪ್ಸಿ ರಿಪೋರ್ಟೂ ಸಕ್ಕರೆ ಪರೀಕ್ಷೆಯ ಹಾಗೆ ಯಂತ್ರ ಉದುರಿಸುವ ಅಂಕಿ ಎಂದುಕೊಂಡಿರುತ್ತಾರೆ.

ಅದು ಅಂಕಿಯಲ್ಲ, ಒಬ್ಬ ಪೆಥಾಲಜಿಸ್ಟರ, ಅಂದರೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಗುರುತಿಸುವ ವೈದ್ಯರ, ಓದು. ಚೂರನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ಇಟ್ಟು, ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ಎಷ್ಟೋ ತೆಳ್ಳಗೆ ಹೆರೆದು, ಗಾಜಿನ ಪಟ್ಟಿಯ (ಸ್ಲೈಡಿನ) ಮೇಲಿಟ್ಟು, ಎರಡು ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಕೋಶಕೇಂದ್ರಗಳನ್ನು ನೀಲಿ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. (ಇಯೋಸ್ ಎಂದರೆ ಗ್ರೀಕರ ಉಷೆ. ಬಣ್ಣ ನೋಡಿದರೆ ಹೆಸರಿಟ್ಟವರ ರುಚಿ ಮೆಚ್ಚಬೇಕು.) ಮುಂದಿನದೆಲ್ಲ ಕಣ್ಣಿನ ಕೆಲಸ.

ಆ ಕಣ್ಣು ಎಲ್ಲಿ ಪಳಗಿದೆ ಎನ್ನುವುದರ ಮೇಲೆ ಕಾಯಿಲೆಯ ಹೆಸರೇ ಬದಲಾಗಬಹುದು. 1997ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಜಪಾನಿನ ಮತ್ತು ಪಾಶ್ಚಾತ್ಯ ದೇಶಗಳ ಎಂಟು ಪೆಥಾಲಜಿಸ್ಟರಿಗೆ ಜಠರದ ಅವೇ 35 ಮಾದರಿಗಳನ್ನು ತೋರಿಸಿದ್ದರು. ಪಾಶ್ಚಾತ್ಯರು ಡಿಸ್‌ಪ್ಲೇಸಿಯಾ, ಅಂದರೆ ಕ್ಯಾನ್ಸರಿನ ಹಿಂದಿನ ಹಂತ, ಎಂದು ಬರೆದ ಹಲವನ್ನು ಜಪಾನಿನವರು ಕ್ಯಾನ್ಸರ್ ಎಂದೇ ಬರೆದರು. ಯಾರೂ ಅಡ್ಡಾದಿಡ್ಡಿ ನೋಡಿರಲಿಲ್ಲ.

ಭತ್ತದ ಗದ್ದೆಯಲ್ಲಿ ಕಳೆ ಕಿತ್ತವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಪೈರಿನಂತೆಯೇ ಕಾಣುವ ಹುಲ್ಲೊಂದು ಪೈರಿನ ನಡುವೆಯೇ ಬೆಳೆಯುತ್ತದೆ. ಒಬ್ಬ ಗರಿಯ ಬುಡ ನೋಡಿಯೇ "ಕಳೆ" ಎನ್ನುತ್ತಾನೆ. ಇನ್ನೊಬ್ಬ "ಬದು ದಾಟಿ ಪಕ್ಕದ ಗದ್ದೆಗೆ ಹಬ್ಬಲಿ, ಆಮೇಲೆ ನೋಡೋಣ" ಎನ್ನುತ್ತಾನೆ. ಜಪಾನಿನವರು ಗರಿ ನೋಡಿದರು: ಕೋಶಕೇಂದ್ರ ಎಷ್ಟು ಊದಿದೆ, ಗ್ರಂಥಿಗಳ ಸಾಲು ಎಷ್ಟು ಕೆಟ್ಟಿದೆ. ಪಾಶ್ಚಾತ್ಯರು ಬದು ನೋಡಿದರು: ಕೋಶಗಳು ಗ್ರಂಥಿಯ ಗಡಿ ಒಡೆದು ಸುತ್ತಲಿನ ಅಂಗಾಂಶಕ್ಕೆ ನುಗ್ಗಿವೆಯೇ? ಇನ್ನೂ ಹೇಳಬೇಕೆಂದರೆ, ಕಳ್ಳನನ್ನು ಒಬ್ಬ ಪೇದೆ ಮುಖ ನೋಡಿ ಹಿಡಿದ ಹಾಗೆ, ಇನ್ನೊಬ್ಬ ಬೀಗ ಮುರಿದ ಮೇಲೆಯೇ ಹಿಡಿದ ಹಾಗೆ. ಆದರೆ ಈ ಎರಡನೆಯ ಹೋಲಿಕೆ ಅಷ್ಟು ಸರಿಯಲ್ಲ. ಚಿವುಟಿದ ಚೂರಿನಲ್ಲಿ ಒಮ್ಮೊಮ್ಮೆ ಬಾಗಿಲೇ, ಅಂದರೆ ಕೋಶಗಳು ಗಡಿ ಒಡೆದ ಜಾಗವೇ, ಇರುವುದಿಲ್ಲ, ಬೀಗ ನೋಡುವುದೆಲ್ಲಿಂದ? ಅದಕ್ಕೇ ನನಗೆ ಗರಿ ನೋಡುವವರ ಕಡೆಗೆ ತುಸು ಒಲವು.

ಜಪಾನಿನವರ ಕಣ್ಣಿಗೊಂದು ಚರಿತ್ರೆಯೂ ಇದೆ. ಹೊಟ್ಟೆಯ ಕ್ಯಾನ್ಸರ್ ಅಲ್ಲಿ ಬಹಳ ಹೆಚ್ಚು. 1950ರಲ್ಲೇ ನುಂಗುವ ಪುಟ್ಟ ಕ್ಯಾಮೆರಾ ಮಾಡಿಕೊಂಡರು. ಕ್ಯಾನ್ಸರ್ ಜಠರದ ಮೇಲಿನ ಪದರಗಳಲ್ಲೇ ಇದ್ದರೆ ಅದನ್ನು "ಆರಂಭಿಕ ಕ್ಯಾನ್ಸರ್" ಎಂದು ಕರೆಯುವ ಪದ್ಧತಿ 1962ರಲ್ಲಿ ಅಲ್ಲಿಯೇ ಆರಂಭವಾಯಿತು. ಎಳೆಯ ಕ್ಯಾನ್ಸರುಗಳನ್ನೇ ದಿನವೂ ನೋಡಿ ನೋಡಿ ಕಣ್ಣು ಹಾಗೆ ಪಳಗಿತು.

ಜಗಳ ಬಿಡಿಸಲು 12 ದೇಶಗಳ 31 ಪೆಥಾಲಜಿಸ್ಟರು ವಿಯೆನ್ನಾದಲ್ಲಿ ಒಪ್ಪಿಕೊಂಡ ವರ್ಗೀಕರಣ 2000ದಲ್ಲಿ ಪ್ರಕಟವಾಯಿತು. ಅದರ ಜಾಣತನ ಇಷ್ಟು: ತೀವ್ರ ಡಿಸ್‌ಪ್ಲೇಸಿಯಾ ಎನ್ನಿ, ಇನ್ನೂ ನುಗ್ಗದ ಕ್ಯಾನ್ಸರ್ ಎನ್ನಿ, ಎರಡೂ ಒಂದೇ ಗುಂಪು. ಏಕೆಂದರೆ ಎರಡಕ್ಕೂ ಮಾಡಬೇಕಾದದ್ದು ಒಂದೇ, ಆ ಭಾಗವನ್ನು ತೆಗೆಯುವುದು.

ವೈದ್ಯರಿಗೆ ಪದವಿಯ ನಂತರದ ಕಲಿಕೆ ಏಕೆ ಬೇಕು ಎಂದು ಕೇಳಿದರೆ ನಾನು ಕೊಡುವ ಉತ್ತರ ಇದೇ. ಐದು ವರ್ಷಕ್ಕೆ 30 ಗಂಟೆಯಾದರೂ ಇಂಥ ಕಲಿಕೆಯಲ್ಲಿ ತೊಡಗಬೇಕೆಂದು ನಮ್ಮ ದೇಶದ 2002ರ ವೈದ್ಯಕೀಯ ನಿಯಮಾವಳಿ ಹೇಳಿತು. ಈ ಮುಂದುವರಿದ ಕಲಿಕೆಗೆ ವೈದ್ಯರು ಇಟ್ಟ ಚುಟುಕು ಹೆಸರು 'ಸಿಎಂಇ'; ಅದೆಂದರೆ ಊಟ, ಬ್ಯಾಗು, ಪ್ರಮಾಣಪತ್ರ ಎಂಬ ಗೇಲಿಯಲ್ಲಿ ಹುರುಳಿಲ್ಲದಿಲ್ಲ. ಆದರೆ ಸ್ಲೈಡ್ ಸೆಮಿನಾರಿನ ಗತ್ತೇ ಬೇರೆ. ಸ್ಲೈಡನ್ನು ಮೊದಲೇ ಕಳಿಸಿರುತ್ತಾರೆ. ನಿಮ್ಮ ಉತ್ತರ ಬರೆದುಕೊಂಡು ಹೋಗುತ್ತೀರಿ, ಅಲ್ಲಿ ನಾಲ್ಕು ಜನರ ಮುಂದೆ ಅದು ತಪ್ಪೆಂದು ಗೊತ್ತಾಗುತ್ತದೆ.

ದೊಡ್ಡ ಕರುಳಿನ ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಉದಾಹರಣೆಗೆ ತೆಗೆದುಕೊಳ್ಳಿ. ಗ್ರಂಥಿಗಳ ಅಂಚು ಗರಗಸದಂತಿದ್ದುದಕ್ಕೆಲ್ಲ ಒಂದು ಕಾಲದಲ್ಲಿ "ಹೈಪರ್‌ಪ್ಲಾಸ್ಟಿಕ್, ನಿರಪಾಯ" ಎಂದು ಬರೆಯುತ್ತಿದ್ದರು. ಕೆಲವದರಲ್ಲಿ ಗ್ರಂಥಿಯ ತಳ ಕೊಳವೆಯಂತೆ ನೇರವಾಗಿರದೆ ಬೂಟಿನಂತೆ ಪಕ್ಕಕ್ಕೆ ಹರಡಿರುತ್ತದೆ, ಅವು ಕ್ಯಾನ್ಸರಿನತ್ತ ಸಾಗಬಲ್ಲವು ಎಂಬುದು 1990ರ ದಶಕದಿಂದೀಚೆಗೆ ಸ್ಪಷ್ಟವಾಯಿತು. ಅಂಥ ಗ್ರಂಥಿ ಖಚಿತವಾಗಿ ಒಂದು ಕಂಡರೂ ಪಾಲಿಪನ್ನು ಆ ಜಾತಿಗೆ ಸೇರಿಸಲು ಸಾಕು ಎಂದು 2019ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಹೇಳುತ್ತದೆ. ಓದು ಮುಗಿಸಿ ಪುಸ್ತಕ ಮುಚ್ಚಿಟ್ಟವರ ಕೈಯಲ್ಲಿ ಅದು ಇವತ್ತೂ ನಿರಪಾಯವೇ. ಅಂಥ ರೋಗಿಗೆ ಮತ್ತೆ ಯಾವಾಗ ಕೊಲೊನೋಸ್ಕೋಪಿ (ದೊಡ್ಡ ಕರುಳಿನ ಎಂಡೋಸ್ಕೋಪಿ) ಮಾಡಬೇಕು ಎನ್ನುವುದೂ ರಿಪೋರ್ಟಿನ ಈ ಒಂದು ಪದದ ಮೇಲೆ ನಿಂತಿದೆ.

ನಿಮ್ಮ ಮನೆಯವರ ರಿಪೋರ್ಟಿನ ಬಗ್ಗೆ ಅನುಮಾನವಿದ್ದರೆ ಮತ್ತೆ ಚಿವುಟಿಸಲೇಬೇಕೆಂದಿಲ್ಲ. ಮೇಣದ ಬ್ಲಾಕು, ಸ್ಲೈಡು ಲ್ಯಾಬಿನಲ್ಲಿರುತ್ತವೆ. ಕೇಳಿ ಪಡೆದು, ಜೀರ್ಣಾಂಗದ ಸ್ಲೈಡುಗಳನ್ನೇ ಹೆಚ್ಚಾಗಿ ನೋಡುವವರಿಗೆ ಒಯ್ದು ತೋರಿಸಿ.