ತುಪ್ಪಳದಿಂದ ಕೆಟ್ಟ ಬೀವರ್, ಒಡ್ಡಿನಿಂದ ಮರಳಿದ ಬೀವರ್

ಬೀವರ್ ಅಂದ ಕೂಡಲೇ ನಮ್ಮಲ್ಲಿ ಎಷ್ಟೋ ಜನ ನೀರುನಾಯಿ ಅಂದುಕೊಳ್ಳುತ್ತಾರೆ. ಆದರೆ ತುಂಗಭದ್ರೆಯಲ್ಲಿ ಮೀನು ಹಿಡಿಯುವ ನೀರುನಾಯಿಗೂ ಇದಕ್ಕೂ ನಂಟಿಲ್ಲ. ಬೀವರ್ ಇಲಿ, ಅಳಿಲು, ಮುಳ್ಳುಹಂದಿಗಳ ಬಳಗದ್ದು. ಮೀನು ಮುಟ್ಟುವುದೇ ಇಲ್ಲ. ಎಲೆ, ಚಿಗುರು, ತೊಗಟೆಯ ಒಳಪದರ, ನೀರಲ್ಲಿ ಬೆಳೆಯುವ ಗಿಡ, ಇಷ್ಟೇ ಅದರ ಊಟ. ಈಗ ಎರಡೇ ಜಾತಿ ಉಳಿದಿವೆ. ಒಂದು ಉತ್ತರ ಅಮೆರಿಕದ್ದು, ಇನ್ನೊಂದು ಯುರೋಪ್ ಮತ್ತು ಏಷ್ಯಾದ್ದು. ಚೆನ್ನಾಗಿ ಬೆಳೆದ ಬೀವರ್ 20 ಕಿಲೋಗೂ ಜಾಸ್ತಿ ತೂಗುತ್ತದೆ.

ಅದು ಕಡಿದುರುಳಿಸಿದ ಮರದ ಬುಡವನ್ನು ಹತ್ತಿರದಿಂದ ನೋಡಬೇಕು. ಚೂಪು ಮಾಡಿದ ಪೆನ್ಸಿಲ್ ತುದಿಯ ಹಾಗೆ ಇರುತ್ತದೆ. ಸುತ್ತ ಚೆಕ್ಕೆಗಳ ರಾಶಿ. ಮರದ ಮೇಲೆ ಉಳಿ ಇಟ್ಟು ಹೊಡೆದಂಥ ಸಾಲು ಸಾಲು ಗುರುತು. ಬೀವರ್‌ನ ಮುಂದಿನ ಹಲ್ಲು ನಿಜಕ್ಕೂ ಉಳಿಯೇ. ಹಲ್ಲಿನ ಮುಂಭಾಗದ ಪದರದಲ್ಲಿ ಕಬ್ಬಿಣದ ಅಂಶ ಇದೆ, ಅದಕ್ಕೇ ಬಣ್ಣ ಕಿತ್ತಳೆ. ಹಿಂಭಾಗ ಮೆತ್ತಗಿರುವುದರಿಂದ ಬೇಗ ಸವೆಯುತ್ತದೆ, ಮುಂಭಾಗ ಸವೆಯುವುದು ನಿಧಾನ. ಹಾಗಾಗಿ ಕಡಿದಷ್ಟೂ ಹಲ್ಲು ಹರಿತವಾಗುತ್ತದೆ. ಜೀವ ಇರುವವರೆಗೂ ಬೆಳೆಯುತ್ತಲೇ ಇರುತ್ತದೆ. ತುಟಿಗಳು ಈ ಹಲ್ಲುಗಳ ಹಿಂದೆ ಮುಚ್ಚಿಕೊಳ್ಳುತ್ತವೆ. ಅದರಿಂದ ನೀರಿನೊಳಗೂ ಕೊಂಬೆ ಕಡಿಯಬಹುದು, ಗಂಟಲಿಗೆ ನೀರು ನುಗ್ಗುವುದಿಲ್ಲ. ಕಣ್ಣಿಗೆ ಪಾರದರ್ಶಕ ಪೊರೆ ಇದೆ. ಮುಳುಗಿದಾಗ ಮೂಗು, ಕಿವಿ ಮುಚ್ಚಿಕೊಳ್ಳುತ್ತವೆ. ಚಪ್ಪಟೆ ಬಾಲದಲ್ಲಿ ಚಳಿಗಾಲಕ್ಕೆ ಕೊಬ್ಬು ಕೂಡಿಟ್ಟುಕೊಳ್ಳುತ್ತದೆ. ಅಪಾಯ ಕಂಡರೆ ಅದೇ ಬಾಲದಿಂದ ನೀರಿಗೆ ಪಟಾರ್ ಅಂತ ಬಡಿದು ಮನೆಯವರನ್ನೆಲ್ಲ ಎಚ್ಚರಿಸುತ್ತದೆ.

ಇಷ್ಟೆಲ್ಲ ಇದ್ದರೂ ಮನುಷ್ಯನ ಕಣ್ಣು ಬಿದ್ದದ್ದು ತುಪ್ಪಳದ ಮೇಲೆ. ಬೀವರ್‌ಗೆ ಎರಡು ಪದರದ ತುಪ್ಪಳ. ಹೊರಗೆ ಉದ್ದನೆಯ ಒರಟು ಕೂದಲು, ಒಳಗೆ ಹತ್ತಿಯಂಥ ದಟ್ಟ ಮೆತ್ತನೆ ಕೂದಲು. ಈ ಒಳಕೂದಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ. ಬಿಸಿ, ತೇವ, ಒತ್ತಡ ಕೊಟ್ಟರೆ ಒಂದಕ್ಕೊಂದು ಹೆಣೆದುಕೊಂಡು ಫೆಲ್ಟ್ ಎಂಬ ಗಟ್ಟಿ ಬಟ್ಟೆಯಾಗುತ್ತದೆ. ಕಂಬಳಿಯ ಹಾಗೆ ಮಗ್ಗದಲ್ಲಿ ನೇಯಬೇಕಿಲ್ಲ. ಮಳೆಯಲ್ಲಿ ನೆನೆದರೂ ಆಕಾರ ಕೆಡದ ಟೋಪಿಗೆ ಇದಕ್ಕಿಂತ ಒಳ್ಳೆಯ ಸಾಮಾನು ಆಗ ಇರಲಿಲ್ಲ.

ಯುರೋಪಿನಲ್ಲಿ ಬೀವರ್ ಬೇಟೆ ಬಹಳ ಹಳೆಯದು. ತುಪ್ಪಳ, ಮಾಂಸ, ಬಾಲದ ಬುಡದ ಚೀಲಗಳಲ್ಲಿ ಸಿಗುವ ಗಂಧದ್ರವ್ಯ, ಎಲ್ಲಕ್ಕೂ ಬೇಡಿಕೆ ಇತ್ತು. ಬ್ರಿಟನ್ನಿನಲ್ಲಿ 16ನೇ ಶತಮಾನದ ಹೊತ್ತಿಗೆ ಹೆಚ್ಚುಕಡಿಮೆ ಮುಗಿದೇ ಹೋದವು. ವ್ಯಾಪಾರಿಗಳು ಅಟ್ಲಾಂಟಿಕ್ ದಾಟಿ ಉತ್ತರ ಅಮೆರಿಕಕ್ಕೆ ಹೋದರು. 1670ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್, ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಗೆ ಸನ್ನದು ಕೊಟ್ಟ. ಕಂಪನಿಯ ಲಾಂಛನದಲ್ಲೇ ನಾಲ್ಕು ಬೀವರ್‌ಗಳಿದ್ದವು. ಅದರ ಕೋಠಿಗಳಲ್ಲಿ ದುಡ್ಡಿನ ಲೆಕ್ಕವೂ ಬೀವರ್‌ನಲ್ಲೇ ನಡೆಯುತ್ತಿತ್ತು. ಹದ ಮಾಡಿದ ಒಂದು ಒಳ್ಳೆಯ ತೊಗಲು ಅಂದರೆ ಒಂದು ‘ಮೇಡ್ ಬೀವರ್’. ಕತ್ತಿ, ಕೊಡಲಿ, ಕಂಬಳಿಗೆಲ್ಲ ಅದೇ ಅಳತೆ. ಹೊಸ ತೊಗಲಿಗಿಂತ, ಅಲ್ಲಿನ ಮೂಲನಿವಾಸಿಗಳು ಹೊದ್ದು ಹಳತಾದ ತೊಗಲಿಗೆ ಒಂದು ಕಾಲದಲ್ಲಿ ಬೆಲೆ ಜಾಸ್ತಿ ಇತ್ತು. ಮೈಗೆ ಉಜ್ಜಿ ಉಜ್ಜಿ ಹೊರಗಿನ ಒರಟು ಕೂದಲು ಉದುರಿ, ಒಳಗಿನದ್ದು ಮಾತ್ರ ಉಳಿದಿರುತ್ತಿತ್ತಲ್ವಾ, ಅದಕ್ಕೆ.

19ನೇ ಶತಮಾನದಲ್ಲಿ ರೇಷ್ಮೆ ಟೋಪಿಯ ಫ್ಯಾಷನ್ ಬಂತು. ಅಷ್ಟರಲ್ಲಿ ತುಂಬ ತಡವಾಗಿತ್ತು. 20ನೇ ಶತಮಾನದ ಆರಂಭದಲ್ಲಿ ಇಡೀ ಯುರೋಪ್ ಮತ್ತು ಏಷ್ಯಾದಲ್ಲಿ ಉಳಿದದ್ದು ಸುಮಾರು 1,200 ಬೀವರ್ ಮಾತ್ರ. ಈ ಸಂಖ್ಯೆ ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಬರೀ ಟೋಪಿಗಾಗಿ, ಸುಗಂಧಕ್ಕಾಗಿ ಎರಡು ಖಂಡ ಬರಿದಾಗಿದ್ದವು.

ಹೋದದ್ದು ಪ್ರಾಣಿ ಮಾತ್ರ ಆಗಿದ್ದರೆ ಒಂದು ಮಾತು. ಅದರ ಜೊತೆ ಕೆರೆಗಳೂ ಹೋದವು. ಬೀವರ್ ತೊರೆಗೆ ಅಡ್ಡಲಾಗಿ ಕೊಂಬೆ, ಕಲ್ಲು, ಕೆಸರು ಪೇರಿಸಿ ಒಡ್ಡು ಕಟ್ಟುತ್ತದೆ. ಮನೆಯ ಬಾಗಿಲು ನೀರಿನಡಿ ಇರಬೇಕು, ತೋಳ ಒಳಗೆ ನುಗ್ಗಬಾರದು, ಅದಕ್ಕೇ ಈ ಶ್ರಮ. ಚಳಿಗಾಲದಲ್ಲಿ ಅದು ಮಲಗಿಬಿಡುವುದಿಲ್ಲ. ನೀರಿನ ತಳದಲ್ಲಿ ಮೊದಲೇ ಕೊಂಬೆಗಳನ್ನು ಕೂಡಿಟ್ಟು, ಮೇಲೆ ಹಿಮ ಗಟ್ಟಿದಾಗ ತಿನ್ನುತ್ತದೆ. ಸ್ವೀಡನ್ನಿನ ಲಾರ್ಸ್ ವಿಲ್ಸನ್ ಎಂಬ ವಿಜ್ಞಾನಿ ಧ್ವನಿವರ್ಧಕದಲ್ಲಿ ಹರಿಯುವ ನೀರಿನ ಸದ್ದು ಕೇಳಿಸಿ ಪರೀಕ್ಷೆ ಮಾಡಿದ್ದರು. ನೀರೇ ಇಲ್ಲದ ಜಾಗದಲ್ಲೂ ಬೀವರ್‌ಗಳು ಸದ್ದು ಬಂದ ಕಡೆ ಕೊಂಬೆ ಪೇರಿಸಿದವು. ಒಡ್ಡಿನ ಹಿಂದೆ ನಿಂತ ನೀರು ನೆಲಕ್ಕೆ ಇಂಗುತ್ತದೆ, ಪ್ರವಾಹದ ವೇಗ ತಗ್ಗುತ್ತದೆ, ಕಪ್ಪೆ, ಮೀನು, ಹಕ್ಕಿಗಳಿಗೆ ಜಾಗವಾಗುತ್ತದೆ. ಕಾಳ್ಗಿಚ್ಚಿನಲ್ಲೂ ಆ ತೇವದ ಪಟ್ಟಿ ಹಸಿರಾಗಿ ಉಳಿಯುತ್ತದೆ.

ಬೀವರ್‌ನ ವಾಪಸಾತಿ ನಿಧಾನವಾಗಿ ನಡೆಯಿತು. ನಾರ್ವೆಯಲ್ಲಿ ಉಳಿದಿದ್ದ ಬೀವರ್‌ಗಳನ್ನು 1922ರಲ್ಲಿ ಸ್ವೀಡನ್ನಿಗೆ ತಂದು ಬಿಟ್ಟರು. ಅಮೆರಿಕದ ಐಡಹೋದಲ್ಲಿ 1948ರಲ್ಲಿ 76 ಬೀವರ್‌ಗಳನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಕಾಡಿಗೆ ಇಳಿಸಿದರು. ಒಂದನ್ನು ಬಿಟ್ಟು ಉಳಿದವೆಲ್ಲ ಬದುಕಿದವು. ಕೆನಡಾ 1975ರಲ್ಲಿ ಬೀವರ್ ಅನ್ನು ತನ್ನ ಅಧಿಕೃತ ಲಾಂಛನ ಮಾಡಿಕೊಂಡಿತು. ಅಲ್ಲಿರುವ ಕನ್ನಡಿಗರ ಜೇಬಿನ ಐದು ಸೆಂಟ್ ನಾಣ್ಯದ ಮೇಲೂ ಅದೇ ಇದೆ.

ಎಲ್ಲ ಕಡೆ ಕಥೆ ಸಿಹಿಯಾಗಿಲ್ಲ. ತುಪ್ಪಳದ ಉದ್ಯಮ ಬೆಳೆಸಲು ಅರ್ಜೆಂಟೀನಾ 1946ರಲ್ಲಿ ಕೆನಡಾದ ಬೀವರ್‌ಗಳನ್ನು ಟಿಯೆರಾ ಡೆಲ್ ಫ್ಯುಯೆಗೊ ದ್ವೀಪಕ್ಕೆ ತಂದುಬಿಟ್ಟಿತು. ಉದ್ಯಮ ನೆಲ ಕಚ್ಚಿತು, ಬೀವರ್ ಹಬ್ಬಿತು. ಉತ್ತರ ಅಮೆರಿಕದ ವಿಲ್ಲೋ ಮರ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಇಲ್ಲಿನ ಲೆಂಗಾ ಮರಕ್ಕೆ ಆ ಅಭ್ಯಾಸ ಇಲ್ಲ. ನೀರು ನಿಂತರೂ ಸಾಯುತ್ತದೆ, ಕಡಿದರೂ ಸಾಯುತ್ತದೆ. ತೋಳ, ಕರಡಿಗಳೂ ಇಲ್ಲ. ತೊರೆಗಳ ಉದ್ದಕ್ಕೂ ಬೂದು ಬಣ್ಣದ ಸತ್ತ ಕಾಡು ನಿಂತಿದೆ. ತಪ್ಪು ಬೀವರ್‌ನದ್ದಲ್ಲ. ಸುಮ್ನೆ ತಂದು ಬಿಟ್ಟವರದ್ದು.

ಬ್ರಿಟನ್ನಿನಲ್ಲಿ ವಾದ ಇನ್ನೂ ಬಿಸಿಯಾಗಿದೆ. ಸ್ಕಾಟ್ಲೆಂಡಿನ ನ್ಯಾಪ್‌ಡೇಲ್‌ನಲ್ಲಿ 2009ರಲ್ಲಿ ಪ್ರಯೋಗವಾಗಿ ಬಿಟ್ಟರು, 2019ರಲ್ಲಿ ಅಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಹೊಲಕ್ಕೆ ನೀರು ನುಗ್ಗುತ್ತದೆ, ದಂಡೆ ಕುಸಿಯುತ್ತದೆ ಅನ್ನುವುದು ರೈತರ ದೂರು. ಅದನ್ನು ತಳ್ಳಿಹಾಕುವಂತಿಲ್ಲ. ಕೆಲವು ಕಡೆ ಒಡ್ಡಿನೊಳಗೆ ಪೈಪ್ ತೂರಿಸಿ ನೀರಿನ ಮಟ್ಟ ಇಳಿಸುತ್ತಾರೆ. ಬೀವರ್‌ಗೆ ಸದ್ದು ಕೇಳದ ಹಾಗೆ ಪೈಪಿನ ಬಾಯಿಯನ್ನು ಒಡ್ಡಿನಿಂದ ದೂರ, ನೀರಿನೊಳಗೆ ಇಡುತ್ತಾರೆ. 2025ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, ಸರ್ಕಾರದ ಪರವಾನಗಿಯೊಂದಿಗೆ ಎರಡು ಜೋಡಿ ಬೀವರ್‌ಗಳನ್ನು ಬಯಲಿಗೆ ಬಿಟ್ಟರು. ಬೇಲಿ ಹಾಕಿರಲಿಲ್ಲ.